ಟ್ರಾಲ್ ಬಲೆ ಹಾದುಹೋದ ಮೇಲೆ ಕಡಲ ತಳದ ಹುಳಗಳಿಗೆ ಏನಾಗುತ್ತದೆ?

ಮಲ್ಪೆ ಬಂದರಿನಲ್ಲಿ ಬೆಳಗ್ಗೆ, ಕಡಲ ತಳಕ್ಕೆ ತಾಗಿಸಿ ಬಲೆ ಎಳೆಯುವ ಟ್ರಾಲ್ ಬೋಟಿನಿಂದ ಮೀನು ಇಳಿಸುವುದನ್ನು ನೋಡಿದವರಿಗೆ ಆ ರಾಶಿಗಳು ಗೊತ್ತು. ಒಂದು ಕಡೆ ಬೊಂಡಾಸ್, ಇನ್ನೊಂದು ಕಡೆ ಮದ್ಮಲ್, ಪಕ್ಕದಲ್ಲಿ ಸಿಗಡಿ, ನಂಗು. ಇವೆಲ್ಲದರ ಆಚೆ ಯಾರೂ ಹೆಸರು ಹಿಡಿದು ಕರೆಯದ ಒಂದು ರಾಶಿ ಇರುತ್ತದೆ. ಬೆರಳುದ್ದದ ಮೀನುಮರಿಗಳು, ನಾಣ್ಯದಷ್ಟು ದೊಡ್ಡ ಏಡಿಗಳು, ಮುರಿದ ಶಂಖ, ತೋಳು ಕಳೆದುಕೊಂಡ ನಕ್ಷತ್ರಮೀನು. ಅದಷ್ಟೂ ಫಿಶ್‌ಮಿಲ್‌ಗೆ, ಅಂದರೆ ಮೀನುಪುಡಿ ಮಾಡುವ ಕಾರ್ಖಾನೆಗೆ ಹೋಗುತ್ತದೆ.

ಟ್ರಾಲಿಂಗ್‌ನಿಂದ ಕಡಲಿಗೆ ಏನು ಹಾನಿ ಎಂಬ ಮಾತು ಬಂದಾಗಲೆಲ್ಲ ನಾವು ತೋರಿಸುವುದು ಈ ರಾಶಿಯನ್ನೇ. ತೋರಿಸಲೇಬೇಕು, ತಪ್ಪಿಲ್ಲ. ಆದರೆ ನಾನು ಹೇಳಬೇಕೆಂದಿರುವುದು ಈ ರಾಶಿಯಲ್ಲೂ ಇಲ್ಲದವರ ಬಗ್ಗೆ. ಅಕ್ಕಿಕಾಳಿಗಿಂತ ಸಣ್ಣ ಚಿಪ್ಪು, ನೂಲಿನೆಳೆಯಂಥ ಹುಳ, ಕಣ್ಣಿಗೇ ಕಾಣದ ಇನ್ನೂ ನೂರಾರು ಬಗೆಯ ಜೀವಿಗಳು. ಬಲೆಯ ಕಣ್ಣಿನಲ್ಲಿ ನುಸುಳಿ ಇವು ತಳದಲ್ಲೇ ಉಳಿಯುತ್ತವೆ. ಸತ್ತರೂ ಅಲ್ಲೇ, ಬದುಕಿದರೂ ಅಲ್ಲೇ. ದಡಕ್ಕೆ ಬರುವುದಿಲ್ಲ, ಹಾಗಾಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಒಂದು ಬೊಗಸೆ ಕೆಸರು

ಮೀನುಗಾರಿಕೆ ಓದುತ್ತಿದ್ದ ಗೆಳೆಯನೊಬ್ಬ ಒಮ್ಮೆ ನನ್ನನ್ನೂ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದ. ಅವನ ಕೆಲಸ ಮೀನು ಹಿಡಿಯುವುದಲ್ಲ, ಕೆಸರು ಹಿಡಿಯುವುದು. ಅದಕ್ಕೊಂದು ಉಕ್ಕಿನ ಸಾಧನ ಇರುತ್ತದೆ, ಗ್ರ್ಯಾಬ್ ಅನ್ನುತ್ತಾರೆ. ಎರಡು ಕೈ ಸೇರಿಸಿ ಬೊಗಸೆ ಮಾಡಿದ ಹಾಗೆ ಎರಡು ದವಡೆ. ಬಾಯಿ ತೆರೆದು ಹಗ್ಗದಲ್ಲಿ ಇಳಿಸುತ್ತಾರೆ. ತಳ ಮುಟ್ಟಿದ ಕೂಡಲೇ ಕೊಂಡಿ ಕಳಚಿಕೊಳ್ಳುತ್ತದೆ. ಮೇಲೆಳೆಯುವಾಗ ದವಡೆ ಮುಚ್ಚಿ, ಒಂದು ತುಂಡು ತಳವೇ ಮೇಲೆ ಬರುತ್ತದೆ.

ಮೊದಲ ನೋಟಕ್ಕೆ ಬರೀ ಕೆಸರು. ಮೇಲಿನ ತೆಳು ಪದರ ಕಂದು. ಅದರ ಕೆಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಕಪ್ಪಿನ ನಡುವೆ ಅಲ್ಲಲ್ಲಿ ಸಣ್ಣ ಕಂದು ಗೆರೆಗಳು ಕೆಳಗಿಳಿದಿದ್ದವು. "ಅವು ಹುಳದ ಬಿಲಗಳು" ಅಂದ ಗೆಳೆಯ. ಆಮ್ಲಜನಕ ಸಿಕ್ಕ ಮಣ್ಣು ಕಂದು, ಸಿಗದ ಮಣ್ಣು ಕಪ್ಪು. ಹುಳ ಬಿಲ ತೋಡಿ ನೀರಾಡಿಸಿದಲ್ಲೆಲ್ಲ ಕಪ್ಪು ಮಣ್ಣು ಕಂದಾಗಿತ್ತು.

ಆಮೇಲೆ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಗೆ ಸುರಿದು, ಸಮುದ್ರದ ನೀರು ಹಾಕಿ ಹಾಕಿ ನಿಧಾನವಾಗಿ ತೊಳೆದ. ಜೋರಾಗಿ ನೀರು ಬಿಟ್ಟರೆ ಹುಳ ತುಂಡಾಗುತ್ತದಂತೆ. ಹದಿನೈದು ನಿಮಿಷ ತೊಳೆದ ಮೇಲೆ ಜರಡಿಯಲ್ಲಿ ಉಳಿದಿದ್ದು ಎರಡು ಚಮಚದಷ್ಟು ಕಸ. ಚಿಪ್ಪಿನ ಚೂರು, ಮರಳು, ಕೊಳೆತ ನಾರು. ಅಷ್ಟೇನಾ ಅಂದುಕೊಂಡೆ. ಬಗ್ಗಿ ನೋಡಿದರೆ ಆ ಕಸ ಅಲ್ಲಾಡುತ್ತಿತ್ತು. ಕೆಂಪನೆಯ ಒಂದು ಹುಳ, ಎರಡೂ ಬದಿಗೆ ಬಾಚಣಿಗೆಯ ಹಲ್ಲಿನಂಥ ಬಿರುಗೂದಲು. ಮರಳಿನ ಕಣಗಳನ್ನೇ ಅಂಟಿಸಿ ಅಂಗಿಯ ತೋಳು ಹೊಲಿದುಕೊಂಡಂತೆ ಕೊಳವೆ ಮಾಡಿ, ಅದರೊಳಗೆ ಕೂತ ಇನ್ನೊಂದು ಹುಳ. ಎಳ್ಳಿನಷ್ಟು ದೊಡ್ಡ ಕಪ್ಪೆಚಿಪ್ಪು, ಎರಡೂ ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡಿತ್ತು. ಸಿಗಡಿಯ ಮರಿಯಂತೆ ಕಾಣುವ, ಬದಿಗೆ ಮಲಗಿ ಒದ್ದಾಡುವ ಪುಟ್ಟ ಪ್ರಾಣಿ. ಗೆಳೆಯ ಅದಷ್ಟನ್ನೂ ಸೀಸೆಗೆ ಹಾಕಿ, ಜೀವ ಇದ್ದವುಗಳಿಗೆ ಗುಲಾಬಿ ಬಣ್ಣ ಹಿಡಿಸುವ ಒಂದು ಬಗೆಯ ಬಣ್ಣ ಸೇರಿಸಿದ. ಪ್ರಯೋಗಾಲಯದಲ್ಲಿ ಚಿಮಟಿಗೆಯಿಂದ ಒಂದೊಂದನ್ನೇ ಹೆಕ್ಕಿ ಎಣಿಸಲು ಅದು ಅನುಕೂಲ. ಒಂದು ಸೀಸೆ ಎಣಿಸಲು ಕೆಲವೊಮ್ಮೆ ಎರಡು ದಿನ ಬೇಕು ಅಂದ.

ಜರಡಿಯಲ್ಲಿ ಉಳಿದವರು ಈ ಲೋಕದ ದೊಡ್ಡವರು. ಜರಡಿ ದಾಟಿ ನೀರಿನ ಜೊತೆ ಹೋದವರು ಅವರಿಗಿಂತ ಬಹಳ ಜಾಸ್ತಿ. ಮರಳಿನ ಎರಡು ಕಣಗಳ ನಡುವಿನ ಸಂದಿಯಲ್ಲಿ ಸಂಸಾರ ಮಾಡುವ ಜೀವಿಗಳು ಅವು. ಹೆಚ್ಚಿನವು ನೆಮಟೋಡ್ ಎಂಬ ದುಂಡು ಹುಳಗಳು. ಒಂದು ಚದರ ಮೀಟರ್ ತಳದಲ್ಲಿ ಇಂಥವು ಲಕ್ಷಗಟ್ಟಲೆ ಇರುತ್ತವೆ, ಎಷ್ಟೋ ಕಡೆ 10 ಲಕ್ಷವನ್ನೂ ಮೀರುತ್ತವೆ. ಒಂದು ಚದರ ಮೀಟರ್ ಅಂದರೆ ನಮ್ಮ ಮನೆಯ ಊಟದ ಮೇಜಿನಷ್ಟು ಜಾಗ.

ಇವು ಅಲ್ಲಿ ಸುಮ್ನೆ ಕೂತಿರುವುದಿಲ್ಲ. ಮೇಲಿನ ನೀರಿನಿಂದ ಸತ್ತ ಪಾಚಿ, ಮೀನಿನ ಹೇಲು, ನದಿ ತಂದ ಎಲೆಪುಡಿ ಎಲ್ಲ ಮಳೆಯಂತೆ ತಳಕ್ಕೆ ಬೀಳುತ್ತಲೇ ಇರುತ್ತವೆ. ಹುಳಗಳು ಅದನ್ನು ತಿನ್ನುತ್ತವೆ, ಕೆಳಗೆ ಒಯ್ಯುತ್ತವೆ, ಕೆಳಗಿನದನ್ನು ಮೇಲೆ ತಂದು ಹಾಕುತ್ತವೆ. ಬಿಲದೊಳಗೆ ನೀರು ಪಂಪ್ ಮಾಡುತ್ತವೆ. ಆ ನೀರಿನ ಜೊತೆ ಆಮ್ಲಜನಕ ಕೆಳಗಿಳಿಯುತ್ತದೆ. ಆಗ ಅಲ್ಲಿನ ಬ್ಯಾಕ್ಟೀರಿಯಾಗಳು ಕೊಳೆತದ್ದನ್ನು ಬೇಗ ಮತ್ತೆ ಗೊಬ್ಬರವನ್ನಾಗಿ ಮಾಡಿ ನೀರಿಗೆ ಬಿಡುತ್ತವೆ. ಆ ಗೊಬ್ಬರದಲ್ಲಿ ಪಾಚಿ ಬೆಳೆಯುತ್ತದೆ, ಪಾಚಿಯಿಂದ ಬೂತಾಯಿ, ಬಂಗುಡೆ. ಇನ್ನು ನೇರವಾಗಿ ಹುಳವನ್ನೇ ತಿಂದು ಬದುಕುವ ಮೀನೂ ಇದೆ. ನಮ್ಮ ಕಡೆ ಎಲ್ಲರೂ ಇಷ್ಟಪಡುವ ನಂಗು ಮೀನಿನ ಹೊಟ್ಟೆ ಸೀಳಿ ನೋಡಿದರೆ ಸಿಗುವುದು ಹೆಚ್ಚಾಗಿ ಈ ಬಿರುಗೂದಲಿನ ಹುಳಗಳೇ. ತವಾದ ಮೇಲಿನ ನಂಗು ಅಂದರೆ ಕೆಸರಿನ ಹುಳವೇ ಮೀನಾಗಿ ಬಂದದ್ದು ಅಂದರೂ ಸರಿ.

ಬಲೆ ತಳದಲ್ಲಿ ಮಾಡುವ ಕೆಲಸ

ಟ್ರಾಲ್ ಬಲೆ ಅಂದರೆ ಒಂದು ದೊಡ್ಡ ಚೀಲ. ಬಾಯಿ ಅಗಲ, ಬಾಲ ಕಿರಿದು. ಬಾಯಿ ಮುಚ್ಚಿಕೊಳ್ಳಬಾರದು ಎಂದು ಎರಡೂ ಬದಿಗೆ ಭಾರವಾದ ಹಲಗೆ ಕಟ್ಟಿರುತ್ತಾರೆ. ಮರದ್ದೋ ಕಬ್ಬಿಣದ್ದೋ. ಬೋಟು ಎಳೆದಾಗ ನೀರಿನ ಒತ್ತಡಕ್ಕೆ ಈ ಹಲಗೆಗಳು ಆಚೆ ಈಚೆ ಸರಿದು ಬಾಯಿಯನ್ನು ಅಗಲಿಸುತ್ತವೆ. ಬಾಯಿಯ ಕೆಳಗಿನ ಅಂಚಿಗೆ ಸರಪಳಿ ಅಥವಾ ಭಾರದ ಹಗ್ಗ. ಅದು ತಳಕ್ಕೆ ತಾಗಿಕೊಂಡೇ ಹೋಗಬೇಕು. ಇಲ್ಲದಿದ್ದರೆ ಸಿಗಡಿ, ನಂಗು ಕೆಳಗಿಂದ ತಪ್ಪಿಸಿಕೊಳ್ಳುತ್ತವೆ.

ಹೀಗೆ ಎಳೆದಾಗ ಮೂರು ಸಂಗತಿ ನಡೆಯುತ್ತವೆ. ಹಲಗೆ ನೇಗಿಲಿನಂತೆ ಗೆರೆ ಕೊರೆಯುತ್ತದೆ. ಮೆತ್ತನೆಯ ಕೆಸರಿನಲ್ಲಿ ಈ ಗೆರೆ ಗೇಣುದ್ದ ಆಳಕ್ಕೂ ಇಳಿಯಬಹುದು. ನಡುವಿನ ಹಗ್ಗ, ಸರಪಳಿ ಮೇಲ್ಪದರವನ್ನು ಕೆರೆಯುತ್ತಾ ಹೋಗುತ್ತದೆ. ಇದು ಆಳ ಇಳಿಯುವುದಿಲ್ಲ, ಆದರೆ ಅಗಲ ಜಾಸ್ತಿ. ಇನ್ನು ಇಡೀ ಬಲೆಯ ಹಿಂದೆ ಕೆಸರಿನ ಮೋಡ ಎದ್ದು ನಿಲ್ಲುತ್ತದೆ. ಡಾಂಬರಿಲ್ಲದ ರಸ್ತೆಯಲ್ಲಿ ಲಾರಿ ಹೋದ ಮೇಲಿನ ಧೂಳಿನ ಹಾಗೆ. ಆ ಧೂಳು ಬೇರೆಡೆ ಹೋಗಿ ಕೂರುತ್ತದೆ.

ಒಂದು ಸುಮಾರು ಲೆಕ್ಕ ಹಾಕೋಣ. ಬೋಟು ಗಂಟೆಗೆ ಐದೂವರೆ ಕಿ.ಮೀ. ವೇಗದಲ್ಲಿ ಮೂರು ಗಂಟೆ ಬಲೆ ಎಳೆಯಿತು ಅಂದುಕೊಳ್ಳಿ. ಹದಿನಾರೂವರೆ ಕಿ.ಮೀ. ಆಯಿತು. ಹಲಗೆಯಿಂದ ಹಲಗೆಗೆ 20 ಮೀಟರ್ ಅಂತರ ಅಂದರೆ ಒಂದೇ ಎಳೆತಕ್ಕೆ 33 ಹೆಕ್ಟೇರ್, ಹೆಚ್ಚುಕಡಿಮೆ 80 ಎಕರೆ. ಆಳಸಮುದ್ರದ ಬೋಟು ವಾರ, ಹತ್ತು ದಿನ ಕಡಲಲ್ಲೇ ಇದ್ದು ಹಗಲೂ ರಾತ್ರಿಯೂ ಎಳೆಯುತ್ತದೆ. ಊರಿಗೆ ಊರೇ ಉತ್ತ ಲೆಕ್ಕ.

ಇದರ ಬಗ್ಗೆ ದೂರು ಇವತ್ತಿನದಲ್ಲ. 1376ರಲ್ಲಿ ಇಂಗ್ಲೆಂಡಿನ ಮೀನುಗಾರರು ಅಲ್ಲಿನ ಸಂಸತ್ತಿಗೆ ಅರ್ಜಿ ಕೊಟ್ಟಿದ್ದರು. ಹೊಸದಾಗಿ ಬಂದ ಒಂದು ಎಳೆಬಲೆ ನೀರಿನಡಿಯ ನೆಲದ ಮೇಲೆ ಬಿರುಸಾಗಿ, ಭಾರವಾಗಿ ಓಡಿ ಅಲ್ಲಿನ ಹೂಗಳನ್ನು, ಚಿಪ್ಪಿನ ಮರಿಗಳನ್ನು ಹಾಳು ಮಾಡುತ್ತಿದೆ ಎಂಬುದು ಅವರ ಅಳಲು. ಎಂಜಿನ್ ಇಲ್ಲ, ಹಾಯಿ ದೋಣಿ, ಆರು ನೂರ ಐವತ್ತು ವರ್ಷಗಳ ಹಿಂದೆ. ಕಡಲ ತಳಕ್ಕೆ ಮೊದಲು ದನಿಯಾದವರು ಮೀನುಗಾರರೇ ಅನ್ನುವುದನ್ನು ನಾವು ಮರೆಯಬಾರದು.

ನಮ್ಮಲ್ಲಿ ಇದು ಬಂದದ್ದು ತಡವಾಗಿ. 1952ರಲ್ಲಿ ಒಪ್ಪಂದವಾದ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಯಾಂತ್ರಿಕ ದೋಣಿ ತಂದಿತು. ಸಿಗಡಿಗೆ ವಿದೇಶದಲ್ಲಿ ಬೆಲೆ ಬಂತು. ಟ್ರಾಲ್ ಪಶ್ಚಿಮ ಕರಾವಳಿಯುದ್ದಕ್ಕೂ ಹಬ್ಬಿತು. ಸರ್ಕಾರವೇ ಸಾಲ ಕೊಟ್ಟು, ಸಬ್ಸಿಡಿ ಕೊಟ್ಟು ಬೆಳೆಸಿದ ಕಸುಬು ಇದು. ಇವತ್ತು ಬೋಟಿನಲ್ಲಿ ದುಡಿಯುವವರನ್ನು ಕಳ್ಳರಂತೆ ನೋಡುವುದು ನ್ಯಾಯವಲ್ಲ.

ನೂರರಲ್ಲಿ ಆರು

ಒಂದು ಸಲ ಬಲೆ ಹಾದುಹೋದರೆ ತಳದ ಜೀವಿಗಳಲ್ಲಿ ಎಷ್ಟು ಸಾಯುತ್ತವೆ? ಜಗತ್ತಿನ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ವಿಜ್ಞಾನಿಗಳ ತಂಡವೊಂದು ಇದಕ್ಕೆ ಉತ್ತರ ಕೊಟ್ಟಿತು. ನಮ್ಮಲ್ಲಿರುವಂಥ ಹಲಗೆಯ ಟ್ರಾಲ್ ಸರಾಸರಿ 2.4 ಸೆಂ.ಮೀ. ಆಳಕ್ಕೆ ಇಳಿಯುತ್ತದೆ, ಒಂದು ಸಲಕ್ಕೆ ಶೇ. 6ರಷ್ಟು ಜೀವರಾಶಿಯನ್ನು ಇಲ್ಲವಾಗಿಸುತ್ತದೆ. ಜೋರು ನೀರು ಚಿಮ್ಮಿಸಿ ಚಿಪ್ಪು ಅಗೆಯುವ ಹೈಡ್ರಾಲಿಕ್ ಡ್ರೆಜ್ 16 ಸೆಂ.ಮೀ. ಇಳಿದು, ಒಂದೇ ಸಲಕ್ಕೆ ಶೇ. 41ರಷ್ಟನ್ನು ತೆಗೆಯುತ್ತದೆ. ಎಷ್ಟು ಆಳ ಇಳಿಯುತ್ತದೋ ಅಷ್ಟು ಸಾವು.

ಶೇ. 6 ಅಂದರೆ ಅಷ್ಟೇನಾ ಅನಿಸುತ್ತದೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಆದರೆ ಬಲೆ ಒಂದೇ ಸಲ ಹೋಗುವುದಿಲ್ಲ. ಮೀನು ಸಿಗುವ ಜಾಗಕ್ಕೆ ಇವತ್ತು ಒಂದು ಬೋಟು, ನಾಳೆ ಇನ್ನೊಂದು. ನಡುವೆ ಚೇತರಿಕೆ ಇಲ್ಲ ಅಂದುಕೊಂಡರೆ ಐದನೇ ಸಲಕ್ಕೆ ನೂರರಲ್ಲಿ 73 ಉಳಿಯುತ್ತದೆ. ಹತ್ತನೇ ಸಲಕ್ಕೆ 54. ಅರ್ಧಕ್ಕೆ ಇಳಿದ ತಳ ಮತ್ತೆ ಮೊದಲಿನ ಶೇ. 95ಕ್ಕೆ ಬರಲು ಅದೇ ಅಧ್ಯಯನದ ಪ್ರಕಾರ 1.9ರಿಂದ 6.4 ವರ್ಷ ಬೇಕು. ಹಾಗಾಗಿ ಒಂದು ಎಳೆತದಲ್ಲಿ ಎಷ್ಟು ಸತ್ತವು ಎಂದಷ್ಟೇ ಕೇಳಿದರೆ ಸಾಲದು. ಎರಡು ಎಳೆತಗಳ ನಡುವೆ ಎಷ್ಟು ಸಮಯ ಸಿಕ್ಕಿತು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಎಲ್ಲ ತಳವೂ ಒಂದೇ ಅಲ್ಲ. ಕೆನಡಾದ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಕಡಲ ಪ್ರದೇಶದಲ್ಲಿ 1993ರಿಂದ 1995ರವರೆಗೆ ಒಂದು ಪ್ರಯೋಗ ನಡೆಯಿತು. ಮೀನುಗಾರಿಕೆ ನಿಂತಿದ್ದ ಮರಳು ತಳದಲ್ಲಿ 13 ಕಿ.ಮೀ. ಉದ್ದದ ಪಟ್ಟಿಗಳನ್ನು ಗುರುತಿಸಿ, ವರ್ಷಕ್ಕೆ 12 ಸಲ ಬೇಕೆಂದೇ ಟ್ರಾಲ್ ಎಳೆದರು. ಮರಳಿನ ಮೇಲೆ ಬದುಕುವ ದೊಡ್ಡ ಜೀವಿಗಳ ತೂಕ, ಅಂದರೆ ಏಡಿ, ಕಡಲ ಮುಳ್ಳುಚೆಂಡು, ಮೆದು ಹವಳ ಇಂಥವುಗಳ ಒಟ್ಟು ತೂಕ ಸರಾಸರಿ ಶೇ. 24 ಕಡಿಮೆ ಇತ್ತು. ಮರಳಿನೊಳಗಿನ ಸಣ್ಣ ಹುಳಗಳಿಗೆ ಮಾತ್ರ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. ಇದನ್ನು ಮುಚ್ಚಿಡಬಾರದು. ಅಲೆ ಮತ್ತು ಬಿರುಗಾಳಿಗೆ ಮೊದಲೇ ಒಗ್ಗಿಕೊಂಡ ಮರಳು ತಳ ಬೇಗ ಸುಧಾರಿಸಿಕೊಳ್ಳುತ್ತದೆ. ಮೆತ್ತನೆಯ ಕೆಸರು, ಹವಳದ ತಳ, ಆಳದ ತಳ ಹಾಗಲ್ಲ.

ಯಾರು ಹೋದರು, ಯಾರು ಬಂದರು

ಎಣಿಕೆಯೊಂದೇ ನೋಡಿದರೆ ಮೋಸ ಹೋಗುತ್ತೇವೆ. ತುಂಬಾ ಸಲ ಟ್ರಾಲ್ ಎಳೆದ ತಳದಲ್ಲೂ ಜರಡಿ ತುಂಬಾ ಹುಳ ಸಿಗಬಹುದು. ಆದರೆ ಅವು ಬೇರೆ ಹುಳಗಳು.

ತಳದಲ್ಲಿ ಎರಡು ಬಗೆಯ ಬದುಕಿದೆ. ಒಂದು, ಬೇಗ ಹುಟ್ಟಿ, ಬೇಗ ಮರಿ ಹಾಕಿ, ವಾರಗಳಲ್ಲೋ ತಿಂಗಳುಗಳಲ್ಲೋ ಸಾಯುವ ಸಣ್ಣ ಹುಳಗಳು. ನೆಲ ಖಾಲಿಯಾದರೆ ಮೊದಲು ಬಂದು ತುಂಬುವವು ಇವೇ. ತೋಟ ಬಿಟ್ಟ ಕೂಡಲೇ ಕಳೆ ಎದ್ದ ಹಾಗೆ. ಇನ್ನೊಂದು, ನಿಧಾನಕ್ಕೆ ಬೆಳೆದು, ವರ್ಷಗಟ್ಟಲೆ ಬದುಕುವವು. ದೊಡ್ಡ ಚಿಪ್ಪುಗಳು, ಆಳಕ್ಕೆ ಬಿಲ ತೋಡುವ ಸಿಗಡಿ ಜಾತಿ, ಹೃದಯದ ಆಕಾರದ ಕಡಲ ಮುಳ್ಳುಚೆಂಡು. ಈ ಮುಳ್ಳುಚೆಂಡಿನ ಕವಚ ಮೊಟ್ಟೆಯ ಸಿಪ್ಪೆಯಷ್ಟೇ ತೆಳು. ಕೆಸರಿನೊಳಗೆ ಕೆಲವೇ ಸೆಂ.ಮೀ. ಕೆಳಗೆ ಬುಲ್ಡೋಜರಿನಂತೆ ಮಣ್ಣು ತಳ್ಳುತ್ತಾ ಸಾಗುತ್ತದೆ. ಸರಪಳಿ ಹಾದುಹೋದರೆ ಅದು ಉಳಿಯುವುದು ಕಷ್ಟ.

ಕೆಸರನ್ನು ಜಾಸ್ತಿ ತಿರುವಿಹಾಕುವುದು, ಗಾಳಿಯಾಡಿಸುವುದು ಈ ಎರಡನೇ ಬಗೆಯವು. ಟ್ರಾಲ್ ಮೊದಲು ತೆಗೆಯುವುದೂ ಇವರನ್ನೇ. ಅವರ ಜಾಗಕ್ಕೆ ಸಣ್ಣ ಹುಳಗಳು ಬಂದವು ಅನ್ನಿ. ಸಂಖ್ಯೆ ತುಂಬಿತು, ಆದರೆ ಕೆಲಸ ನಿಂತಿತು. ಬಾವಿ ತೋಡುವ ಹತ್ತು ಆಳುಗಳ ಬದಲು ನೂರು ಮಕ್ಕಳನ್ನು ತಂದು ನಿಲ್ಲಿಸಿದರೆ ನೀರು ಸಿಗುತ್ತದಾ?

ಈ ಪೆಟ್ಟಿನ ದಾಖಲೆ ಇಟ್ಟುಕೊಂಡ ಒಂದು ಚಿಪ್ಪು ಉತ್ತರ ಅಟ್ಲಾಂಟಿಕ್‌ನಲ್ಲಿದೆ. ಆರ್ಕ್ಟಿಕಾ ಐಲ್ಯಾಂಡಿಕಾ ಅದರ ಹೆಸರು. ನಮ್ಮ ಮರುವಾಯಿಯ ದೊಡ್ಡ ನೆಂಟ ಅನ್ನಬಹುದು. ಮರದ ಕಾಂಡದಲ್ಲಿ ಇರುವಂತೆ ಇದರ ಚಿಪ್ಪಿನಲ್ಲಿ ವರ್ಷಕ್ಕೊಂದು ಗೆರೆ ಮೂಡುತ್ತದೆ. 2006ರಲ್ಲಿ ಐಸ್‌ಲ್ಯಾಂಡ್ ಬಳಿ ಸಿಕ್ಕ ಒಂದಕ್ಕೆ 507 ವರ್ಷ ವಯಸ್ಸಾಗಿತ್ತು. ಬಲೆ ತಾಗಿ ಚಿಪ್ಪು ಒಡೆದು, ಆದರೂ ಜೀವ ಉಳಿದರೆ, ಅದು ತೇಪೆ ಹಾಕಿಕೊಳ್ಳುತ್ತದೆ. ಆ ಗಾಯದ ಗುರುತು ಹಾಗೇ ಉಳಿಯುತ್ತದೆ. ಅದು ಯಾವ ವರ್ಷದ ಗೆರೆಯ ಪಕ್ಕದಲ್ಲಿದೆ ಎಂದು ನೋಡಿದರೆ ಪೆಟ್ಟು ಬಿದ್ದ ವರ್ಷ ತಿಳಿಯುತ್ತದೆ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು 1994ರಲ್ಲಿ ಉತ್ತರ ಸಮುದ್ರದ ಚಿಪ್ಪುಗಳನ್ನು ಹೀಗೆ ಓದಿದರು. ಡಚ್ ಟ್ರಾಲರ್‌ಗಳ ಎಂಜಿನ್ ಶಕ್ತಿ ಹೆಚ್ಚಿದಂತೆಲ್ಲ ಚಿಪ್ಪಿನ ಮೇಲಿನ ಗಾಯಗಳೂ ಹೆಚ್ಚಿದ್ದವು. ಒಡೆದು ಸತ್ತವು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಟ್ರಾಲ್ ಪರವಾಗಿ ಒಂದು ಮಾತು ಆಗಾಗ ಕೇಳುತ್ತದೆ. ಗದ್ದೆ ಉತ್ತ ಹಾಗೆ ಕಡಲನ್ನೂ ಉಳಬೇಕು, ಆಗ ಮೀನು ಜಾಸ್ತಿ ಆಗುತ್ತದೆ ಅಂತ. ಪೂರ್ತಿ ಸುಳ್ಳಲ್ಲ. ಬಲೆ ಹಾದುಹೋದ ಕೂಡಲೇ ಗಾಯಗೊಂಡ ಹುಳಗಳನ್ನು ತಿನ್ನಲು ಏಡಿ, ನಕ್ಷತ್ರಮೀನು, ಚಪ್ಪಟೆ ಮೀನು ಮುತ್ತಿಕೊಳ್ಳುತ್ತವೆ. ನೇಗಿಲ ಹಿಂದೆ ಬೆಳ್ಳಕ್ಕಿ ಬಂದ ಹಾಗೆ. ಆದರೆ ಗದ್ದೆ ಉತ್ತವನು ಆಮೇಲೆ ಗೊಬ್ಬರ ಹಾಕುತ್ತಾನೆ, ಬಿತ್ತುತ್ತಾನೆ, ಕೊಯ್ಲಿನವರೆಗೆ ಗದ್ದೆಗೆ ಕಾಲಿಡದೆ ಕಾಯುತ್ತಾನೆ. ಕಡಲಲ್ಲಿ ಬಿತ್ತುವವರಿಲ್ಲ, ಕಾಯುವವರೂ ಇಲ್ಲ. ಬೆಳ್ಳಕ್ಕಿಗೆ ಒಂದು ಹೊತ್ತಿನ ಊಟ ಸಿಕ್ಕಿತು, ಅಷ್ಟೇ.

ಪಲಾಮೋಸ್‌ನ ಎರಡು ತಿಂಗಳು, ನಮ್ಮ ಅರುವತ್ತೊಂದು ದಿನ

ಸ್ಪೇನಿನ ಈಶಾನ್ಯ ಕರಾವಳಿಯಲ್ಲಿ ಪಲಾಮೋಸ್ ಎಂಬ ಮೀನುಗಾರಿಕೆ ಪಟ್ಟಣವಿದೆ. ಅಲ್ಲಿನ ಕೆಂಪು ಸಿಗಡಿಗೆ ಭಾರೀ ಬೆಲೆ. ಆ ಸಿಗಡಿ ಇರುವುದು ಸಮುದ್ರದಡಿಯ ಒಂದು ಕಣಿವೆಯ ಇಳಿಜಾರಿನಲ್ಲಿ, ನೂರಾರು ಮೀಟರ್ ಆಳದಲ್ಲಿ. ದಶಕಗಳ ಕಾಲ ಅಲ್ಲಿ ಟ್ರಾಲ್ ಎಳೆದಿದ್ದಾರೆ. 2012ರಲ್ಲಿ ಪ್ರಕಟವಾದ ನಕ್ಷೆಗಳಲ್ಲಿ ಆ ಇಳಿಜಾರಿನ ಏರುತಗ್ಗುಗಳೆಲ್ಲ ಸವೆದು ನುಣುಪಾಗಿ ಹೋಗಿದ್ದು ಕಂಡಿತು.

2014ರಲ್ಲಿ ಅದೇ ಕಣಿವೆಯ ಕೆಸರಿನ ಸಣ್ಣ ಜೀವಿಗಳ ಲೆಕ್ಕ ಬಂತು. ಜರಡಿ ದಾಟಿ ಹೋಗುತ್ತವೆ ಅಂದೆನಲ್ಲ, ಅವುಗಳದ್ದು. ಟ್ರಾಲ್ ಎಳೆಯದ ಜಾಗಕ್ಕೆ ಹೋಲಿಸಿದರೆ ಅವುಗಳ ಸಂಖ್ಯೆ ಶೇ. 80 ಕಡಿಮೆ. ಬಗೆಗಳು ಶೇ. 50 ಕಡಿಮೆ. ನೆಮಟೋಡ್ ಜಾತಿಗಳು ಶೇ. 25 ಕಡಿಮೆ. ಕೆಸರಿನಲ್ಲಿದ್ದ ಆಹಾರಾಂಶ, ಅಂದರೆ ಹುಳಗಳ ಅನ್ನ, ಅರ್ಧಕ್ಕಿಂತ ಜಾಸ್ತಿ ಕರಗಿತ್ತು. ಎದ್ದ ಧೂಳಿನ ಜೊತೆ ಅನ್ನವೂ ಕೊಚ್ಚಿಹೋಗಿತ್ತು.

ಪಲಾಮೋಸ್‌ನವರು ಸುಮ್ಮನೆ ಕೂತಿರಲಿಲ್ಲ. ಈ ಲೆಕ್ಕ ಬರುವ ಮೊದಲೇ, 2013ರಿಂದ, ಸಿಗಡಿ ಉಳಿಸಿಕೊಳ್ಳಲು ವರ್ಷಕ್ಕೆ ಎರಡು ತಿಂಗಳು ಟ್ರಾಲ್ ನಿಲ್ಲಿಸುವ ಒಪ್ಪಂದಕ್ಕೆ ಬಂದರು. ಆ ಎರಡು ತಿಂಗಳ ಬಿಡುವಿನಿಂದ ಕೆಸರು ಸುಧಾರಿಸಿತಾ ಎಂದು ವಿಜ್ಞಾನಿಗಳು ಆಮೇಲೆ ಹೋಗಿ ನೋಡಿದರು. ಸುಧಾರಿಸಿರಲಿಲ್ಲ. ಆ ಆಳದಲ್ಲಿ ಹೊಸ ಕೆಸರು, ಹೊಸ ಆಹಾರ ಬಂದು ಕೂರುವುದೇ ಬಹಳ ನಿಧಾನ. ಎರಡು ತಿಂಗಳು ಅದಕ್ಕೆ ಏನೇನೂ ಸಾಲದು.

ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾಗಿದ್ದು ನಮ್ಮ ಮಳೆಗಾಲದ ರಜೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಹೊತ್ತು, ಕಡಲೂ ಅಪಾಯದ ಸ್ಥಿತಿಯಲ್ಲಿರುತ್ತದೆ. ನಿಯಮ ಮಾಡಿದ್ದು ಮೀನಿಗಾಗಿ, ಜನರ ಜೀವಕ್ಕಾಗಿ. ಕೆಸರಿನ ಹುಳಗಳಿಗೂ ಇದರಿಂದ ಪ್ರಯೋಜನ ಇದೆಯಾ?

ಅರ್ಧ ಉತ್ತರ ಸುಲಭ. ವಾರಗಳಲ್ಲಿ ಬದುಕು ಮುಗಿಸುವ ಸಣ್ಣ ಹುಳಗಳಿಗೆ 61 ದಿನ ಅಂದರೆ ಒಂದೆರಡು ತಲೆಮಾರು. ಅವು ಹೆಚ್ಚಿಕೊಳ್ಳಬಹುದು. ದೊಡ್ಡ ಚಿಪ್ಪಿಗೆ, ಮುಳ್ಳುಚೆಂಡಿಗೆ ಅದು ಬಾಲ್ಯದ ಒಂದು ತುಣುಕು. ಜೂನ್‌ನಲ್ಲಿ ತಳಕ್ಕಿಳಿದ ಮರಿ ಆಗಸ್ಟ್ 1ಕ್ಕೆ ಇನ್ನೂ ಕಾಳಿನಷ್ಟಿರುತ್ತದೆ. ಅಷ್ಟರಲ್ಲಿ ಬೋಟು ಹೊರಟಿರುತ್ತದೆ.

ಉಳಿದರ್ಧ ಉತ್ತರ ನಮ್ಮ ಕಡಲಿನ ಸ್ವಭಾವದಲ್ಲಿದೆ, ಇಲ್ಲಿ ವಿಷಯ ಸ್ವಲ್ಪ ಗೋಜಲು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಹತ್ತಿರದ ತಳವನ್ನು ಅಲೆಗಳೇ ಕಲಕುತ್ತವೆ. ನೇತ್ರಾವತಿ, ಶರಾವತಿ, ಕಾಳಿ ಎಲ್ಲ ಕೆಂಪು ನೀರು ತಂದು ಸುರಿಯುತ್ತವೆ. ಅಲ್ಲಿನ ಹುಳಗಳು ಕಲಕಾಟಕ್ಕೆ ಒಗ್ಗಿದವು. ಇದರ ಜೊತೆಗೆ ಇನ್ನೊಂದಿದೆ. ಅದೇ ಸಮಯಕ್ಕೆ ಅರಬ್ಬೀ ಸಮುದ್ರದ ಆಳದ ತಣ್ಣನೆಯ ನೀರು ದಡದ ಕಡೆಗೆ ಏರಿಬರುತ್ತದೆ. ಅದರಲ್ಲಿ ಗೊಬ್ಬರಾಂಶ ಜಾಸ್ತಿ, ಬೂತಾಯಿ ಬಂಗುಡೆ ಹೆಚ್ಚಲು ಅದೇ ಕಾರಣ. ಆದರೆ ಆಮ್ಲಜನಕ ತೀರಾ ಕಡಿಮೆ. ಮಳೆಗಾಲದ ಕೊನೆಗೆ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ತಳದ ಬಹುಪಾಲು ಜೀವಿಗಳಿಗೆ ಉಸಿರು ಕಟ್ಟುವ ಸ್ಥಿತಿ. ಅಂದರೆ ರಜೆ ಮುಗಿದು ಬಲೆ ಬೀಳುವ ಹೊತ್ತೂ, ತಳದವರಿಗೆ ಉಸಿರಾಟವೇ ಕಷ್ಟವಾಗುವ ಹೊತ್ತೂ ಹತ್ತಿರ ಹತ್ತಿರ ಬರುತ್ತವೆ.

ಇದರಿಂದಾಗಿ ನಮ್ಮಲ್ಲಿ ಅಧ್ಯಯನ ಮಾಡುವುದೂ ಕಷ್ಟ. ನವೆಂಬರ್‌ನಲ್ಲಿ ಕೆಸರು ತೆಗೆದಾಗ ಹುಳ ಕಡಿಮೆ ಸಿಕ್ಕಿತು ಅನ್ನಿ. ಬಲೆಯಿಂದ ಸತ್ತವಾ, ಉಸಿರು ಕಟ್ಟಿ ಸತ್ತವಾ? ಕೇರಳದಲ್ಲಿ, ಗುಜರಾತಿನ ವೆರಾವಲ್‌ನಲ್ಲಿ ನಮ್ಮ ವಿಜ್ಞಾನಿಗಳು ಟ್ರಾಲ್‌ನಿಂದ ತಳದ ಜೀವಿಗಳಿಗೆ ಆಗುವ ಬದಲಾವಣೆಯನ್ನು ಅಳೆದಿದ್ದಾರೆ. ಆದರೆ ಮೇಲೆ ಹೇಳಿದ ಜಾಗತಿಕ ಸರಾಸರಿಗಳು ನಿಂತಿರುವುದು ಹೆಚ್ಚಾಗಿ ಚಳಿ ದೇಶಗಳ ಕಡಲಿನ ಅಂಕಿಗಳ ಮೇಲೆ. ಆ ಶೇ. 6ನ್ನು ಹಾಗೇ ತಂದು ಮಲ್ಪೆಯ ಕೆಸರಿಗೆ ಅಂಟಿಸುವುದು ಸರಿಯಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಮೀನುಮರಿ ಉಳಿಸಲು ಬಲೆಯ ಬಾಲದ ಚೀಲದ ಕಣ್ಣು ದೊಡ್ಡದಿರಲಿ ಎಂದು ನಾವು ವರ್ಷಗಳಿಂದ ಹೋರಾಡುತ್ತಿದ್ದೇವೆ. ಅದು ಬೇಕು. ಆದರೆ ಕಣ್ಣು ದೊಡ್ಡದಾದರೆ ಹುಳಕ್ಕೆ ಏನೂ ಲಾಭವಿಲ್ಲ. ಹುಳಕ್ಕೆ ಪೆಟ್ಟು ಬೀಳುವುದು ಹಲಗೆಯಿಂದ, ಸರಪಳಿಯಿಂದ. ಹಲಗೆಯನ್ನು ತಳಕ್ಕೆ ತಾಗದಂತೆ ಸ್ವಲ್ಪ ಮೇಲೆ ತೇಲಿಸುವ ವಿನ್ಯಾಸಗಳು ಬಂದಿವೆ. ತಳಕ್ಕೆ ಉಜ್ಜುವುದು ಕಡಿಮೆಯಾದರೆ ಡೀಸೆಲ್ ಕೂಡ ಉಳಿಯುತ್ತದೆ, ಆದ್ದರಿಂದ ಬೋಟಿನವರಿಗೂ ಇದು ನಷ್ಟದ ಮಾತಲ್ಲ. ಇದಕ್ಕಿಂತ ಮುಖ್ಯವಾದದ್ದು ಎಲ್ಲಿ ಎಳೆಯಬೇಕು ಅನ್ನುವುದು. ಇಪ್ಪತ್ತು ಸಲ ಎಳೆದ ಜಾಗದಲ್ಲಿ ಇಪ್ಪತ್ತೊಂದನೇ ಸಲ ಎಳೆದರೆ ಹೊಸದಾಗಿ ಹೋಗುವುದು ಕಡಿಮೆ. ಯಾವತ್ತೂ ಬಲೆ ಕಾಣದ ಜಾಗದ ಮೊದಲ ಎಳೆತವೇ ಎಲ್ಲಕ್ಕಿಂತ ಕೆಟ್ಟದ್ದು. ಹತ್ತಿರದಲ್ಲಿ ಮೀನು ಕಡಿಮೆಯಾಗಿ ಬೋಟುಗಳು ಇನ್ನೂ ಆಳಕ್ಕೆ, ಇನ್ನೂ ದೂರಕ್ಕೆ ಹೋಗುವಾಗ ನನಗೆ ಚಿಂತೆಯಾಗುವುದು ಇದೇ ಕಾರಣಕ್ಕೆ. ಆ ಆಳದಲ್ಲಿ ಮಳೆಗಾಲದ ಅಲೆ ಕಲಕುವುದಿಲ್ಲ. ಅಲ್ಲಿನವರಿಗೆ ಕಲಕಾಟದ ಅಭ್ಯಾಸವೇ ಇಲ್ಲ. ಯುರೋಪಿನ ಒಕ್ಕೂಟ 2016ರಲ್ಲಿ 800 ಮೀಟರ್‌ಗಿಂತ ಆಳದಲ್ಲಿ ತಳದ ಟ್ರಾಲ್ ನಿಷೇಧಿಸಿದ್ದು ಇದನ್ನು ಅರಿತೇ.

ಹಾಂಕಾಂಗ್‌ನ ಕೆಸರು

ನಿಲ್ಲಿಸಿದರೆ ಏನಾಗುತ್ತದೆ ಎಂದು ತಿಳಿಯಲು ಹಾಂಕಾಂಗ್ ನೋಡಬೇಕು. ಅಲ್ಲಿಯದೂ ಬೆಚ್ಚಗಿನ ನೀರು, ಅಲ್ಲಿಯೂ ನದಿ ತಂದ ಕೆಸರು ತಳ. 2012ರ ಡಿಸೆಂಬರ್ 31ರಂದು ಅವರು ತಮ್ಮ ಇಡೀ ನೀರಿನಲ್ಲಿ ಟ್ರಾಲಿಂಗ್ ನಿಲ್ಲಿಸಿದರು. ಸುಮ್ನೆ ಆದೇಶ ಹೊರಡಿಸಿ ಕೈತೊಳೆದುಕೊಳ್ಳಲಿಲ್ಲ. ಬೋಟು ಮಾಲೀಕರಿಗೆ, ದುಡಿಯುವವರಿಗೆ ಪರಿಹಾರಕ್ಕೆಂದು ಸುಮಾರು 170 ಕೋಟಿ ಹಾಂಕಾಂಗ್ ಡಾಲರ್ ಎತ್ತಿಟ್ಟರು. ಮೂರು ವರ್ಷದ ಹೊತ್ತಿಗೆ ವಿಜ್ಞಾನಿಗಳು ಮತ್ತೆ ಗ್ರ್ಯಾಬ್ ಇಳಿಸಿದಾಗ ಹಲವು ಕಡೆ ತಳದ ಜೀವಿಗಳ ಬಗೆಗಳೂ ಸಂಖ್ಯೆಯೂ ಹೆಚ್ಚಿದ್ದವು. ನೀರಿನಲ್ಲಿ ತೇಲುವ ಕೆಸರೂ ಕಡಿಮೆಯಾಗಿತ್ತು.

ನಮ್ಮ ಸುಮಾರು 300 ಕಿ.ಮೀ. ಕರಾವಳಿಯಲ್ಲಿ ಟ್ರಾಲ್ ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಸಾವಿರಾರು ಮನೆಯ ಒಲೆ ಅದರಿಂದ ಉರಿಯುತ್ತಿದೆ. ನನಗೆ ಬೇಕಿರುವುದು ಮೊದಲು ಹೋಲಿಸಿ ನೋಡಲು ಒಂದು ಜಾಗ. ಬಲೆ ಬೀಳದ ಒಂದು ತುಂಡು ಕೆಸರು. ಅದಿಲ್ಲದೆ ನಾವು ಏನು ಕಳೆದುಕೊಂಡಿದ್ದೇವೆ ಎಂದು ಹೇಳುವುದೇ ಆಗುವುದಿಲ್ಲ.

ಅಂಥ ಜಾಗ ಎಲ್ಲಿದೆ ಎಂದು ಬೋಟು ನಡೆಸುವ ತಾಂಡೇಲರಿಗೆ ಗೊತ್ತು. ಮುಳುಗಿದ ಹಡಗು, ಬಲೆ ಹರಿಯುವ ಕಲ್ಲು, ಇವುಗಳ ಗುರುತು ಪ್ರತಿ ಬೋಟಿನ ಜಿಪಿಎಸ್‌ನಲ್ಲಿ ಇರುತ್ತದೆ. ಲಕ್ಷಗಟ್ಟಲೆ ಬೆಲೆಯ ಬಲೆ ಹೋದೀತು ಎಂದು ಅಲ್ಲಿ ಯಾರೂ ಎಳೆಯುವುದಿಲ್ಲ, ಸುತ್ತು ಹಾಕಿ ಹೋಗುತ್ತಾರೆ. ಐರಿಶ್ ಸಮುದ್ರದಲ್ಲಿ ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಮುಳುಗಿದ ಹಡಗಿನ ಪಕ್ಕದ ಕೆಸರು ತೆಗೆದು, ಬಲೆ ಬೀಳುವ ಕೆಸರಿನ ಜೊತೆ ಹೋಲಿಸಿದರು. ನಮ್ಮ ತಾಂಡೇಲರೂ ಅಂಥ ಹತ್ತು ಗುರುತು ಕೊಟ್ಟು, ಅವುಗಳ ಪಕ್ಕದ ಹತ್ತು ಬೊಗಸೆ ಕೆಸರನ್ನು ಜರಡಿ ಹಿಡಿದರೆ, ಟ್ರಾಲ್ ಬರುವ ಮೊದಲು ನಮ್ಮ ಕಡಲ ತಳದಲ್ಲಿ ಯಾರ್ಯಾರಿದ್ದರು ಎಂಬುದಕ್ಕೆ ಮೊದಲ ಪಟ್ಟಿ ಸಿಗುತ್ತದೆ.